ಬೂದಿ ಆರುವ ತನಕ ಕಾಯುವ ನಳಿನಾಕ್ಷಿ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಮೆರಿಕದ ವೆಸ್ಟ್ ವಿಂಡ್ಸರ್‌ನ ಈ ಮನೆಯ ಮುಂದೆ ಮೊನ್ನೆ ಬಿದ್ದ ಹಿಮ ಕೊಳಕಾಗಿ ಗಟ್ಟಿಯಾಗಿದೆ. ಒಳಗೆ, ಫ್ಯಾಮಿಲಿ ರೂಮಿನ ಮೂಲೆಯಲ್ಲಿರುವ ಕಬ್ಬಿಣದ ಕಟ್ಟಿಗೆ ಒಲೆಯ ಮುಂದೆ ಹಳೆಯ ಬೆಡ್‌ಶೀಟ್ ಹಾಸಿಕೊಂಡು ನಳಿನಾಕ್ಷಿ ಮಂಡಿಯೂರಿ ಕೂತಿದ್ದಾರೆ. ಗಂಡನ ಹಳೆಯ ಪ್ಯಾಂಟು, ಮೇಲೊಂದು ಸ್ವೆಟರ್, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫ್. ಒಲೆಯ ಬಾಗಿಲು ತೆರೆದು, ಕೈಗವಸು ಕಳಚಿ, ಬೂದಿಯ ಮೇಲೆ ಅಂಗೈ ಹಿಡಿಯುತ್ತಾರೆ. ಸಣ್ಣ ಸಲಿಕೆಯಿಂದ ಬೂದಿಯನ್ನು ಮಗುಚಿ ಮತ್ತೆ ಹಿಡಿಯುತ್ತಾರೆ. ಹಿಂದಿನ ಮೂಲೆಯನ್ನು ಕೆದಕಿ ಮತ್ತೊಮ್ಮೆ. ಪಕ್ಕದಲ್ಲಿ ತಗಡಿನ ಡಬ್ಬದಂಥ ವ್ಯಾಕ್ಯೂಮ್ ಸುಮ್ಮನೆ ನಿಂತಿದೆ. ಅದರ ಪ್ಲಗ್ ಇನ್ನೂ ಗೋಡೆಗೆ ಹೋಗಿಲ್ಲ.

ಅವರ ಕೆಲಸ ನೋಡಿ ಬರೆಯಲೆಂದು ಜೊತೆಗೆ ಬಂದ ನನಗೋ ತಾಳ್ಮೆ ಕಡಿಮೆ, ಅದರ ಮೇಲೆ ಈ ಊರಿನ ಫೆಬ್ರವರಿ ಚಳಿ. ಬೂದಿ ತಣ್ಣಗೇ ಇದೆಯಲ್ಲ, ಇನ್ನೂ ಯಾಕೆ ಕಾಯುತ್ತೀರಿ ಎಂದು ಕೇಳುತ್ತೇನೆ. ಅವರು ತಿರುಗಿ ನೋಡುವುದಿಲ್ಲ.

"ಮೇಲೆ ತಣ್ಣಗೇ ಇರುತ್ತೆ. ಒಳಗಡೆ ಕಡಲೆಕಾಳಷ್ಟು ಕೆಂಡ ಉಳಿದಿದ್ರೆ ಸಾಕು. ವ್ಯಾಕ್ಯೂಮ್ ಗಾಳಿ ಎಳೆಯುತ್ತಲ್ಲ, ಅದು ಊದುಗೊಳವೆ ಇಟ್ಟು ಊದಿದ ಹಾಗೇ."

ಕೊನೆಗೂ ಅವರ ಕೈಗೆ ಸಮಾಧಾನವಾಗುತ್ತದೆ. ಆಗಲೂ ವ್ಯಾಕ್ಯೂಮಿನ ಸರದಿ ಬರುವುದಿಲ್ಲ. ಬೂದಿಯ ಮುಕ್ಕಾಲು ಪಾಲು ಸಲಿಕೆಯಲ್ಲೇ ಎದ್ದು ಮುಚ್ಚಳವಿರುವ ಉಕ್ಕಿನ ಬಕೆಟ್ಟಿಗೆ ಹೋಗುತ್ತದೆ. ತಳದಲ್ಲಿ, ಸಂದಿಗೊಂದಿಯಲ್ಲಿ ಉಳಿದ ನುಣ್ಣನೆಯ ಪುಡಿಯನ್ನು ಮಾತ್ರ ವ್ಯಾಕ್ಯೂಮ್ ಎಳೆದುಕೊಳ್ಳುತ್ತದೆ. ಬಕೆಟ್ಟನ್ನು ಅವರೇ ಹಿತ್ತಲಿಗೆ ಒಯ್ದು, ಮನೆಯಿಂದ ದೂರ ಹಿಮದ ಮೇಲೆ ಇಟ್ಟು ಬರುತ್ತಾರೆ. ಒಂದು ವಾರ ಅದನ್ನು ಮುಟ್ಟಬಾರದೆಂದು ಮನೆಯೊಡತಿ ಕೌಸಲ್ಯಾಗೆ ತಾಕೀತು ಮಾಡುತ್ತಾರೆ. ಕೌಸಲ್ಯಾ ಹೂಂಗುಟ್ಟುತ್ತ ಕಾಫಿ ತಂದಿಡುತ್ತಾರೆ. ಈ ಬೆಳಗಿನ ಓಡಾಟಕ್ಕೆ ನಳಿನಾಕ್ಷಿಗೆ ಸಿಗುವ ಸಂಬಳ ಇಷ್ಟೇ, ಒಂದು ಲೋಟ ಕಾಫಿ.

ಅಮೆರಿಕದಲ್ಲಿ ನಮ್ಮವರ ಮನೆಗೆ ಕಟ್ಟಿಗೆ ಒಲೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಎಪ್ಪತ್ತರ ದಶಕದಲ್ಲಿ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆ ತುಟ್ಟಿಯಾದಾಗ ಇಲ್ಲಿ ಬಹಳ ಮಂದಿ ಇಂಥ ಒಲೆ ಹಾಕಿಸಿಕೊಂಡರಂತೆ. ಆಮೇಲೆ ಅದೇ ಮನೆಗಳನ್ನು ನಮ್ಮ ಎಂಜಿನಿಯರುಗಳೂ ಡಾಕ್ಟರುಗಳೂ ಕೊಂಡರು, ಮನೆಯೊಂದಿಗೆ ಒಲೆಯೂ ಬಂತು. ಮೊದಲ ಚಳಿಗಾಲದ ಕರೆಂಟ್ ಬಿಲ್ ನೋಡಿ ಎದೆ ಧಸಕ್ಕೆಂದ ಮೇಲೆ, ಶೋಭೆಗೆ ಇದ್ದ ಒಲೆಗೆ ಬೆಂಕಿ ಬಿತ್ತು. ಉರಿ ಹಾಕುವುದು ಸುಲಭ, ಬೂದಿ ತೆಗೆಯುವುದು ಯಾರಿಗೂ ಬೇಡ. ಕಾರ್ಪೆಟ್ಟಿಗೆ ಬಳಸುವ ವ್ಯಾಕ್ಯೂಮನ್ನೇ ಒಲೆಗೂ ಹಚ್ಚಿ, ಇಡೀ ಮನೆಗೆ ಬೂದಿ ಎರಚಿಕೊಂಡು, ಮೋಟಾರು ಸುಟ್ಟುಕೊಂಡು ಅವರು ಬಂದು ನಿಲ್ಲುವುದು ನಳಿನಾಕ್ಷಿಯ ಕೌಂಟರಿಗೆ.

ಹೆದ್ದಾರಿಯ ಪಕ್ಕ ಹೊಲಿಗೆ ಯಂತ್ರ ಮತ್ತು ವ್ಯಾಕ್ಯೂಮ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿಯಲ್ಲಿ ಅವರಿಗೆ ಕೆಲಸ. ಊರು ಮದ್ದೂರಿನ ಕಡೆ. ಗಂಡ ಸೂರ್ಯನಾರಾಯಣ ಜರ್ಸಿ ಸಿಟಿಯ ಆಫೀಸಿಗೆ ದಿನಾ ರೈಲಿನಲ್ಲಿ ಕಮ್ಯೂಟ್ ಮಾಡುತ್ತಾರೆ. ನಳಿನಾಕ್ಷಿಯ ಮೈಸೂರಿನ ಬಿ.ಎಸ್ಸಿ.ಗೆ ಇಲ್ಲಿ ಯಾರೂ ಮೂರು ಕಾಸಿನ ಬೆಲೆ ಕೊಡಲಿಲ್ಲ. ತವರಿನಲ್ಲಿ ಕಲಿತ ಹೊಲಿಗೆ ಯಂತ್ರದ ರಿಪೇರಿಯೇ ಅನ್ನಕ್ಕೆ ದಾರಿಯಾಯಿತು. ಎಂಟು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಚಳಿಗಾಲದಲ್ಲಿ ದಿನಕ್ಕೆ ಏಳೆಂಟು ಗಿರಾಕಿಗಳು ಬೂದಿಯ ದೂರು ಹೊತ್ತು ಬರುತ್ತಾರೆ. ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಅವರನ್ನು ಯಾರೂ ವೇದಿಕೆಗೆ ಕರೆದಿಲ್ಲ. ವ್ಯಾಕ್ಯೂಮ್ ಕೆಟ್ಟಾಗ ಮಾತ್ರ ಎಲ್ಲರಿಗೂ ಅವರ ನಂಬರು ನೆನಪಾಗುತ್ತದೆ.

ಯಾವ ವ್ಯಾಕ್ಯೂಮ್ ಕೊಳ್ಳಬೇಕು ಎಂದು ಕೇಳಿದವರಿಗೆ ಅವರು ಭಾಷಣ ಮಾಡುವುದಿಲ್ಲ. ಒಂದು ಚಿಟಿಕೆ ತಣ್ಣನೆಯ ಬೂದಿಯನ್ನು ಮಾಮೂಲಿ ವ್ಯಾಕ್ಯೂಮಿನಲ್ಲಿ ಎಳೆಸಿ, ಹಿಂದೆ ಗಾಳಿ ಹೊರಬೀಳುವಲ್ಲಿ ಬಿಳಿ ಕರವಸ್ತ್ರ ಹಿಡಿಯುತ್ತಾರೆ. ವಸ್ತ್ರ ಬೂದುಬಣ್ಣಕ್ಕೆ ತಿರುಗುತ್ತದೆ. ಒಳಗಿನ ಕಾಗದದ ಚೀಲ ಅಷ್ಟು ನುಣ್ಣನೆಯ ಪುಡಿಯನ್ನು ತಡೆಯಲಾರದು. ಬೂದಿಗೆಂದೇ ಮಾಡಿದ್ದಾದರೆ ಡಬ್ಬ ಲೋಹದ್ದು, ಕೊಳವೆಯೂ ಲೋಹದ್ದು, ಒಳಗೆ ಬೆಂಕಿಗೆ ಬೇಗ ಬಗ್ಗದ ಬಟ್ಟೆಯ ಎರಡು ಪದರ. ಅದರ ಹಿಂದೆ ಹಿಡಿದ ವಸ್ತ್ರ ಬೆಳ್ಳಗೇ ಉಳಿಯುತ್ತದೆ. ಇಷ್ಟು ತೋರಿಸಿ, ನಿಮ್ಮ ಒಲೆಗೆ ಸಲಿಕೆ, ಬಕೆಟ್ಟೇ ಸಾಕು ಎಂದು ಅರ್ಧ ಜನರನ್ನು ವಾಪಸ್ಸು ಕಳಿಸುತ್ತಾರೆ. ಅಂಗಡಿಯ ಯಜಮಾನ ಗೊಣಗುತ್ತಾನೆ, ಇವರು ಕೇಳಿಸದವರ ಹಾಗೆ ಇರುತ್ತಾರೆ.

ಗಿರಾಕಿ ನಮ್ಮವರಾದರೆ ಮಾತ್ರ ಇನ್ನೊಂದು ಪ್ರಶ್ನೆ ಇರುತ್ತದೆ. ನಿಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವ ಪದ್ಧತಿ ಇದೆಯೇ? ವ್ಯಾಕ್ಯೂಮ್ ಕೊಳ್ಳಲು ಬಂದವರು ತಬ್ಬಿಬ್ಬಾಗುತ್ತಾರೆ. ಕೆಲವರು ಇವರನ್ನು ಮಹಾ ಮಡಿವಂತೆ ಎಂದುಕೊಂಡು ನಗುತ್ತಾರೆ. ನಾನೂ ಮೊದಲು ಹಾಗೇ ಎಂದುಕೊಂಡೆ. ಕಾರಣ ಕೇಳಿದಾಗ ನಳಿನಾಕ್ಷಿ ಸ್ಕ್ರೂಡ್ರೈವರ್ ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ಗೆಳತಿ ರಮಾಮಣಿಯ ಸುದ್ದಿ ತೆಗೆದರು.

ಈ ದೇಶಕ್ಕೆ ಬಂದ ಹೊಸತರಲ್ಲಿ ಇಬ್ಬರೂ ಜರ್ಸಿ ಸಿಟಿಯ ಒಂದೇ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿದ್ದರು. ಡ್ರೈವಿಂಗ್ ಒಟ್ಟಿಗೆ ಕಲಿತರು, ಒಟ್ಟಿಗೇ ಫೇಲಾದರು. ನಳಿನಾಕ್ಷಿಯ ಮಗಳು ಹುಟ್ಟಿದಾಗ ಬಾಣಂತನ ಮಾಡಿದವಳು ರಮಾಮಣಿ. ಆಮೇಲೆ ಇಬ್ಬರೂ ಇತ್ತ ಕಡೆ ಹತ್ತಿರ ಹತ್ತಿರವೇ ಮನೆ ಮಾಡಿದರು. ರಮಾಮಣಿಯ ಗಂಡ ಜಯತೀರ್ಥ ಕೆಲಸದಲ್ಲಿ ಎಂಜಿನಿಯರು, ಮನಸ್ಸಿನಲ್ಲಿ ಮೃದಂಗದವರು. ಫ್ಲಶಿಂಗ್‌ನ ಗಣೇಶ ದೇವಸ್ಥಾನದಲ್ಲಿ ಕಛೇರಿಯೆಂದರೆ ಪಕ್ಕವಾದ್ಯಕ್ಕೆ ಅವರೇ. ಅವರ ಮನೆಯಲ್ಲೂ ಒಂದು ಕಟ್ಟಿಗೆ ಒಲೆ ಇತ್ತು. ಯಾವ ವ್ಯಾಕ್ಯೂಮ್ ತಗೊಳ್ಳಲಿ ಎಂದು ರಮಾಮಣಿ ಕೇಳಿದಾಗ ನಳಿನಾಕ್ಷಿ ಅಂಗಡಿಯಲ್ಲಿದ್ದ ಒಳ್ಳೆಯದನ್ನೇ ಆರಿಸಿ ಕೊಟ್ಟರು. ರಾತ್ರಿ ಉರಿ ಆರಿದರೆ ಮಾರನೆಯ ದಿನ ಬೂದಿ ತೆಗಿ ಎಂದೂ ಹೇಳಿದರು.

ಕಳೆದ ವರ್ಷದ ಸಂಕ್ರಾಂತಿ ಭಾನುವಾರ ಬಂತು. ಹಿಂದಿನ ರಾತ್ರಿ ರಮಾಮಣಿಯ ಮನೆಯಲ್ಲಿ ಒಲೆ ಉರಿದಿತ್ತು. ಮಾರನೆಯ ದಿನ, ಅಂದರೆ ಹಬ್ಬದ ಸಂಜೆ, ಎಳ್ಳು ಬೀರಲು ಊರವರೆಲ್ಲ ಬರುವವರಿದ್ದರು. ಇಲ್ಲಿ ಜನವರಿಯಲ್ಲಿ ಐದು ಗಂಟೆಗೆಲ್ಲ ಕತ್ತಲು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಕಸ ಗುಡಿಸುವುದಿಲ್ಲ, ಹೊರಗೆ ಹಾಕುವುದೂ ಇಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಾರೆ. ಹಾಗಾಗಿ ರಮಾಮಣಿ ದೀಪದ ಹೊತ್ತಿಗೆ ಮುಂಚೆಯೇ ಲಗುಬಗೆಯಿಂದ ಒಲೆಯ ಬೂದಿ ಎಳೆದರು. ವ್ಯಾಕ್ಯೂಮಿನ ಡಬ್ಬದಲ್ಲಿದ್ದ ಬೂದಿಯನ್ನು ದಿನಸಿ ತಂದ ಕಾಗದದ ಚೀಲಕ್ಕೆ ಸುರಿದು, ಮನೆಗೆ ಅಂಟಿಕೊಂಡಿರುವ ಗರಾಜಿನಲ್ಲಿ ಹಳೆಯ ಪೇಪರುಗಳ ಪಕ್ಕ ಇಟ್ಟರು. ಕೈ ತೊಳೆದು ದೀಪ ಹಚ್ಚಿದರು. ಎಳ್ಳು ಬೆಲ್ಲ ಹಂಚುತ್ತಿದ್ದಾಗ ಅಡುಗೆಮನೆಗೆ ಹೊಗೆ ಬಂತು. ಗರಾಜು ಹೊತ್ತಿಕೊಂಡಿತ್ತು.

ಜಯತೀರ್ಥರು ಕಾರು ಹೊರತೆಗೆಯಲು ನುಗ್ಗಿದರು. ಗರಾಜಿನ ಕಾದ ಬಾಗಿಲನ್ನು ಬರಿಗೈಯಲ್ಲಿ ಎತ್ತಿದರು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಕೈ ಇದೆ, ಆದರೆ ಬೆರಳುಗಳು ಬಿಡಿಸಿಕೊಳ್ಳುವುದಿಲ್ಲ. ಮೃದಂಗದ ಮೇಲೆ ಆ ಕೈ ಮತ್ತೆ ಬಿದ್ದಿಲ್ಲ. ಇಷ್ಟನ್ನು ಹೇಳುವಾಗ ನಳಿನಾಕ್ಷಿಯ ಕಣ್ಣು ತುಂಬಿ ಬಂತು.

"ನಾನು ಆರಿಸಿಕೊಟ್ಟ ವ್ಯಾಕ್ಯೂಮಿಗೆ ಏನೂ ಆಗ್ಲಿಲ್ಲ. ಒಳ್ಳೇ ಮಾಲು ಅಂತ ಕೊಟ್ಟಿದ್ದೆ, ಒಳ್ಳೇದೇ ಆಗಿತ್ತು. ಮಾರನೇ ದಿನ ತೆಗಿ ಅಂದಿದ್ದೆ, ಅವಳು ಮಾರನೇ ದಿನಾನೇ ತೆಗೆದ್ಲು. ದೀಪ ಹಚ್ಚೋ ಮುಂಚೆ ತೆಗೀತಾಳೆ ಅಂತ ನನಗೆ ಹೊಳೀಬೇಕಿತ್ತು. ಯಾಕಂದ್ರೆ ನನ್ನ ಮನೇಲಿ ನಾನೂ ಹಾಗೇ ಮಾಡ್ತಿದ್ದೆ."

ಅದಕ್ಕೇ ಈಗ ಆ ಪ್ರಶ್ನೆ. ದೀಪ ಹಚ್ಚುವ ಮನೆಯವರಿಗೆ, ಸಂಜೆಯ ಗೊಡವೆಯೇ ಬೇಡ, ಎರಡು ದಿನ ಒಲೆ ಹಚ್ಚದೆ ಬಿಡಿ, ಬೆಳಿಗ್ಗೆ ನಾನೇ ಬರುತ್ತೇನೆ ಎನ್ನುತ್ತಾರೆ. ಕೆಲಸಕ್ಕೆ ಹೋಗುವ ಮುಂಚೆ ವಾರಕ್ಕೆ ಮೂರ್ನಾಲ್ಕು ಮನೆ. ಮೈಯೆಲ್ಲ ಬೂದಿ ಬಳಿದುಕೊಂಡು ಬರುವ ಹೆಂಡತಿಯನ್ನು ನೋಡಿ ಸೂರ್ಯನಾರಾಯಣ ಮೊದಮೊದಲು ಇದೆಲ್ಲ ಯಾವ ಕರ್ಮಕ್ಕೆ ಎಂದು ಸಿಡುಕುತ್ತಿದ್ದರಂತೆ. ಈಗ ತಾವೇ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಕೊಡುತ್ತಾರೆ.

ಆದರೆ ನಳಿನಾಕ್ಷಿಯನ್ನು ಸುಡುತ್ತಿರುವುದು ಆ ಸಲಹೆ ಮಾತ್ರವಲ್ಲ. ಬೆಂಕಿ ಬಿದ್ದ ಮರುದಿನವೇ ವಿಮೆಯವರು ಅಂಗಡಿಗೆ ಫೋನ್ ಮಾಡಿ, ವ್ಯಾಕ್ಯೂಮ್ ಮಾರಿದವರು ಯಾರು, ಏನು ಹೇಳಿ ಮಾರಿದರು ಎಂದು ವಿಚಾರಿಸಿದರು. ಕೋರ್ಟಿನ ಭಯಕ್ಕೆ ಯಜಮಾನನ ಮುಖ ಬಿಳಿಚಿಕೊಂಡಿತು. ಇದು ಇತ್ಯರ್ಥವಾಗುವ ತನಕ ನೀನು ಆ ಮನೆಗೆ ಹೋಗಬೇಡ, ಫೋನೂ ಮಾಡಬೇಡ, ಹೋದರೆ ಕೆಲಸಕ್ಕೆ ಬರಬೇಡ ಎಂದು ಆತ ಕಟ್ಟಪ್ಪಣೆ ಮಾಡಿದ. ನಳಿನಾಕ್ಷಿ ಅವನ ಮಾತು ಕೇಳಿದರು. ರಮಾಮಣಿ ಆಸ್ಪತ್ರೆಯಲ್ಲಿ ಗಂಡನ ಹಾಸಿಗೆಯ ಪಕ್ಕ ಕೂತಿದ್ದ ಅಷ್ಟೂ ದಿನ ಇವರು ಅತ್ತ ಹೋಗಲಿಲ್ಲ. ಇತ್ಯರ್ಥವಾಗುವ ಹೊತ್ತಿಗೆ ಬೇಸಿಗೆ ಬಂದಿತ್ತು.

ಆಮೇಲೆ ಹೋದರು. ಮೊದಲೆಲ್ಲ ಗರಾಜಿನ ಒಳಬಾಗಿಲಿಂದ ನೇರ ಅಡುಗೆಮನೆಗೆ ನುಗ್ಗಿ ತಾವೇ ಪಾತ್ರೆ ತೆಗೆದು ಕಾಫಿ ಮಾಡಿಕೊಳ್ಳುತ್ತಿದ್ದ ಮನೆ. ಆ ದಿನ ಮುಂಬಾಗಿಲ ಬೆಲ್ ಒತ್ತಿದರು. ರಮಾಮಣಿ ಬೈಯಲಿಲ್ಲ, ಅಳಲಿಲ್ಲ. ಯಾರೂ ಕೂರದ ಮುಂದಿನ ಲಿವಿಂಗ್ ರೂಮಿನಲ್ಲಿ ಕೂರಿಸಿ, ತಟ್ಟೆಯಲ್ಲಿ ಬಿಸ್ಕೆಟ್ ಇಟ್ಟು, ಹೊರಡುವಾಗ ಕುಂಕುಮ ಕೊಟ್ಟು ಕಳಿಸಿದರು. ಹೊಸದಾಗಿ ಪರಿಚಯವಾದವರಿಗೆ ಮಾಡುವ ಉಪಚಾರವೆಲ್ಲ ಆಯಿತು. ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತೆ ಎಂದು ನಳಿನಾಕ್ಷಿ ಮುಚ್ಚುಮರೆಯಿಲ್ಲದೆ ಹೇಳಿದರು.

"ನಾನೇ ಹೋಗಿ ತಪ್ಪಾಯ್ತು ಅನ್ನಬಹುದು. ಅಂದ್ರೆ ಅವಳು ಪರವಾಗಿಲ್ಲ ಅಂತಾಳೆ, ಅಲ್ಲಿಗೆ ಮುಗೀತು. ನನಗೆ ಅದಲ್ಲ ಬೇಕಾಗಿರೋದು. ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿ, ನಮ್ಮನೆ ಒಲೆ ಬೂದಿ ತೆಗೆದುಕೊಡು ಅನ್ನಬೇಕು. ಅಲ್ಲಿ ಮಂಡಿಯೂರಿ ಕೂತು ಆ ಕೆಲಸ ಮಾಡಬೇಕು. ಇಷ್ಟು ಮನೆಗೆ ಹೋಗ್ತೀನಿ, ಆ ಮನೆಗೆ ಒಂದ್ಸಲ ಹೋದ್ರೆ ಸಾಕು."

ನಾನು ರಮಾಮಣಿಯವರನ್ನು ಕಾಣಬಹುದೇ ಎಂದು ಕೇಳಿದೆ. ಹೋಗಿ ಬನ್ನಿ, ಆದರೆ ನನ್ನ ಪರವಾಗಿ ಏನೂ ಕೇಳಬೇಡಿ ಎಂದರು. ಹಾಗೆಯೇ ಹೋದೆ. ಒಳಗೆ ಜಯತೀರ್ಥರು ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಜತಿಗಳನ್ನು ಬಾಯಲ್ಲೇ ಹೇಳಿ, ಎಡಗೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಸಂದೇಹ ಕೇಳುತ್ತಿದ್ದರು. ಫ್ಯಾಮಿಲಿ ರೂಮಿನಲ್ಲಿ ಒಲೆ ಇರಲಿಲ್ಲ. ಹೊಗೆಕೊಳವೆಯ ತೂತನ್ನು ಮುಚ್ಚಿ ಬಣ್ಣ ಬಳಿದಿದ್ದರು. ಒಲೆ ಇದ್ದ ಇಟ್ಟಿಗೆ ಕಟ್ಟೆಯ ಮೇಲೆ, ಚಳಿಗೆ ಒಳಗೆ ತಂದಿಟ್ಟ ತುಳಸಿ ಕುಂಡವಿತ್ತು.

ನಳಿನಾಕ್ಷಿಯ ಹೆಸರನ್ನು ರಮಾಮಣಿಯವರೇ ಎತ್ತಿದರು. ಬೆಂಕಿ ಬಿದ್ದದ್ದು ತಮ್ಮ ಅವಸರದಿಂದ, ಅದರಲ್ಲಿ ಅವಳದ್ದೇನೂ ತಪ್ಪಿಲ್ಲ ಎಂದು ಎಲ್ಲರಿಗೂ ಹೇಳಿದ್ದಾರಂತೆ, ನನಗೂ ಹೇಳಿದರು. ಆಮೇಲೆ ದನಿ ಸಣ್ಣದಾಯಿತು.

"ಆಸ್ಪತ್ರೆ ಕಾರಿಡಾರಲ್ಲಿ ಯಾರ ಹೆಜ್ಜೆ ಕೇಳಿದ್ರೂ ಅವಳೇ ಅಂದ್ಕೋತಿದ್ದೆ. ಅಂಗಡಿ ಯಜಮಾನ ಬೇಡ ಅಂದ್ನಂತೆ. ನನ್ನ ಕೆಲಸ ಹೋಗುತ್ತೆ ಅಂದಿದ್ರೆ ನಾನು ಹೋಗದೇ ಇರ್ತಿದ್ನಾ ಅಂತ ಯೋಚಿಸ್ತೀನಿ. ಹೋಗ್ತಿದ್ದೆ. ಅವಳು ಬರ್ಲಿಲ್ಲ."

ಮರುದಿನ ಬೆಳಿಗ್ಗೆ ಇನ್ನೊಂದು ಮನೆಯ ಬೂದಿ ತೆಗೆಯಲು ನಳಿನಾಕ್ಷಿಯೊಂದಿಗೆ ನಾನೂ ಕಾರಿನಲ್ಲಿದ್ದೆ. ರಮಾಮಣಿ ಏನಂದಳು ಎಂದು ಕೇಳಿದರು. ಸಿಹಿ ಮಾಡಿ ಹೇಳಬಹುದಿತ್ತು, ಮನಸ್ಸು ಬರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಸರಿಯಾಗೇ ಹೇಳಿದ್ದಾಳೆ ಎಂದರು. ಸ್ವಲ್ಪ ದೂರ ಹೋದ ಮೇಲೆ, ಒಲೆ ಹಚ್ಚಿದ್ದಳೇ, ಮನೆ ಬೆಚ್ಚಗಿತ್ತೇ ಎಂದು ಕೇಳಿದರು. ಒಲೆಯನ್ನೇ ತೆಗೆಸಿಬಿಟ್ಟಿದ್ದಾರೆ ಎಂದು ಹೇಳಿದೆ.

ಬೂದಿ ತೆಗೆಯಬೇಕಿದ್ದ ಮನೆ ಬಂತು. ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ತಗಡಿನ ಡಬ್ಬವನ್ನು ಇಳಿಸಿಕೊಂಡರು. ಸ್ಕಾರ್ಫ್ ಬಿಗಿದುಕೊಂಡರು.

"ಒಳ್ಳೇದೇ ಆಯ್ತು, ಇನ್ನು ಅವಳಿಗೆ ಬೂದಿ ಭಯ ಇಲ್ಲ" ಎಂದರು. ನಾಲ್ಕು ಹೆಜ್ಜೆ ನಡೆದವರು ಹಿಮದ ಮೇಲೆ ನಿಂತು ನನ್ನ ಕಡೆ ತಿರುಗಿದರು. "ಆದ್ರೆ ಇನ್ನು ಯಾವ ನೆಪ ಹೇಳ್ಕೊಂಡು ನಾನು ಆ ಮನೆಗೆ ಹೋಗ್ಲಿ?"