ಚಕ್ರ ಮೇಲಿದೆ

ಮಿನ್ನೆಸೋಟಾದ ಆ ಸರೋವರದ ದಂಡೆಯಲ್ಲಿ ಸಿಗ್ನೆಯ ಗಂಟಲು ಕೇಳದವರಿಲ್ಲ. ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಎಂಥ ತುಂಟರೂ ಅದಕ್ಕೆ ಬೆದರಿ ಸುಮ್ಮನೆ ಕೂರುತ್ತಿದ್ದರು. ನಿವೃತ್ತಿಯಾದ ಮೇಲೆ ಅದೆಲ್ಲ ವಿಮಾನಕ್ಕೆ ಮೀಸಲು. ನೆಲಕ್ಕೂ ನೀರಿಗೂ ಇಳಿಯುವ ಎರಡೇ ಸೀಟಿನ ಪುಟ್ಟ ವಿಮಾನ. ನೀರಿಗಾದರೆ ಚಕ್ರಗಳನ್ನು ಮೇಲಕ್ಕೆ ಮಡಚಿಕೊಂಡೇ ಇಳಿಯಬೇಕು. ಒಬ್ಬಳೇ ಇದ್ದರೂ ಇಳಿಯುವ ಮುಂಚೆ ಕೂಗಿ ಹೇಳಲೇಬೇಕು: "ನೀರಿಗೆ ಇಳೀತಿದ್ದೀನಿ. ಚಕ್ರ ಮೇಲಿದೆ!"

ಕಾಫಿ ಅಂಗಡಿಯಲ್ಲಿ ಅವಳು ಕುರ್ಚಿ ಎಳೆದರೆ ಸಾಕು, ಮೀನು ಹಿಡಿಯುವ ಓರಿನ್ ಶುರುಮಾಡುತ್ತಿದ್ದ. "ಚಕ್ರ ಮೇಲಿದ್ಯೇನೇ ಸಿಗ್ನೆ?"

"ನಿನ್ನ ಹೊಟ್ಟೆ ಮುಂದಿದೆ, ಮೊದ್ಲು ಅದನ್ನ ಮಡಚ್ಕೋ."

ಗಂಡ ಅರ್ವಿದ್ ಮಾತ್ರ ನಗುತ್ತಿರಲಿಲ್ಲ. ಅವಳಿಗೆ ಹಾರಲು ಕಲಿಸಿದವನೇ ಅವನು. ಒಂದು ಬೇಸಿಗೆಯಲ್ಲಿ ರನ್‌ವೇಯಿಂದ ಏರಿದವನು ಚಕ್ರ ಮಡಚುವುದನ್ನು ಮರೆತು ಹಾಗೇ ಸರೋವರಕ್ಕೆ ಇಳಿಸಿದ್ದ. ಚಕ್ರ ನೀರಿಗೆ ಸಿಕ್ಕಿಕೊಂಡು ವಿಮಾನ ಪಲ್ಟಿ ಹೊಡೆಯಿತು. ಬೆಲ್ಟಿನಲ್ಲಿ ತಲೆಕೆಳಗಾಗಿ ಮುಳುಗಿದ್ದವನನ್ನು ದೋಣಿಯವರು ಎಳೆದು ತೆಗೆದರು. ಆಮೇಲೆ ಅವನು ವಿಮಾನ ಹತ್ತಲಿಲ್ಲ, ಎಂಜಿನ್ ಒರೆಸಿಕೊಂಡು ಇದ್ದುಬಿಟ್ಟ. ಬದುಕಿ ಬಂದ ಗಂಡ ತನಗೆ ಪೂರ್ತಿ ಸಿಗಲಿಲ್ಲವೆಂಬುದೇ ಸಿಗ್ನೆಯ ಕೊರಗು.

ಬ್ಲೂಬೆರಿ ಹಣ್ಣಾಗುವ ಕಾಲ. "ಆಚೆ ದಡದಲ್ಲಿ ನನ್ನ ತಂಗಿ ಹಣ್ಣು ತುಂಬಿ ಪೈ ಮಾಡಿದಾಳೆ. ಬರ್ತೀಯೋ, ಎಂಜಿನ್ ಒರೆಸ್ತೀಯೋ?" ಎಂದಳು. ಪೈ ಆಸೆಗೋ, ಇವಳ ಕಾಟ ತಾಳಲಾರದೆಯೋ, ಅರ್ವಿದ್ ಹತ್ತಿದ.

ರನ್‌ವೇ ಬಿಟ್ಟು ಸರೋವರದ ಮೇಲೆ ಬಂದರು. ವಿಮಾನ ತಗ್ಗಿತು. ಸಿಗ್ನೆ ತುಟಿ ಬಿಚ್ಚಲಿಲ್ಲ. ನೀರು ಹತ್ತಿರವಾಗುತ್ತಿದ್ದಂತೆ ಮತ್ತೆ ಮೇಲಕ್ಕೇರಿಸಿದಳು.

"ಯಾಕೆ ಇಳಿಸ್ಲಿಲ್ಲ?" ಅರ್ವಿದ್ ಕೇಳಿದ.

"ಯಾರೂ ಹೇಳ್ಲಿಲ್ವಲ್ಲ."

"ಯಾವಾಗ್ಲೂ ನೀನೇ ಹೇಳೋದಲ್ವಾ!"

"ಇವತ್ತು ಗಂಟಲು ಕೆಟ್ಟಿದೆ."

"ಸುಳ್ಳಿ! ಬೆಳಿಗ್ಗೆಯಿಂದ ನನ್ನ ಕಿವಿ ತೂತು ಮಾಡಿದೀಯ."

"ಪೆಟ್ರೋಲ್ ಬೇಕಾದಷ್ಟಿದೆ ಮಾರಾಯ. ನೀನು ಹೇಳೋವರೆಗೂ ಸುತ್ತೋಣ."

ಇನ್ನೊಂದು ಸುತ್ತಾಯಿತು. ಮತ್ತೆ ತಗ್ಗಿದಾಗ ಅರ್ವಿದ್‌ನ ಕೈ ಮೊಣಕಾಲನ್ನು ಹಿಸುಕುತ್ತಿತ್ತು. ಚಕ್ರ ಕಾಣಲೆಂದೇ ರೆಕ್ಕೆಯ ಕೆಳಗೆ ಕಟ್ಟಿದ್ದ ಕನ್ನಡಿಯತ್ತ ಬಗ್ಗಿ ನೋಡಿದ. ನಂಬಲಾರದೆ ಮತ್ತೆ ನೋಡಿದ.

"ನೀರಿಗೆ ಇಳೀತಿದ್ದೀವಿ..." ಎಂದ, ಗಂಟಲೊಳಗೇ.

"ಕೇಳಿಸ್ಲಿಲ್ಲ."

"ಚಕ್ರ ಮೇಲಿದೆ ಕಣೇ!"

ಸಿಗ್ನೆ ಇಳಿಸಿದಳು. ವಿಮಾನ ನೀರು ಸೀಳಿಕೊಂಡು ಸಾಗಿ ನಿಂತಿತು.

"ಇಳಿಸೋದು ಇನ್ನೂ ಒರಟೇ ನಿಂದು," ಎಂದು ಅರ್ವಿದ್ ತನ್ನ ಎದುರಿಗೂ ಇದ್ದ, ವಿಮಾನ ನಡೆಸುವ ಹಿಡಿಕೆಗೆ ಕೈ ಹಾಕಿದ. "ಬಿಡು. ಈಗ ನಾನು."

ಸಿಗ್ನೆ ಕೈ ತೆಗೆದಳು. ಏನಾದರೂ ಚುಚ್ಚಿ ಹೇಳಬೇಕೆಂದುಕೊಂಡಳು. ಗಂಟಲು ನಿಜವಾಗಿಯೂ ಕಟ್ಟಿತ್ತು.