ಆಯುಧಪೂಜೆಗೆ ತೊಳೆದ ಅಂಗಳ

ಆಯುಧಪೂಜೆ ಹತ್ತಿರ ಬಂದರೆ ಸಾಕು, ನನ್ನ ಮೈ ಉರಿಯುತ್ತದೆ.

ಬೈಕಂಪಾಡಿಯಲ್ಲಿ ದೊಡ್ಡಮ್ಮನ ಮನೆ, ಕಾಂಪೌಂಡಿನಾಚೆ ಲಾರಿ ರಿಪೇರಿಯ ಗ್ಯಾರೇಜು. ಅಲ್ಲಿ ನೆಲಕ್ಕೆ ಸುರಿದ ಹಳೆಯ ಆಯಿಲ್ ಮಣ್ಣಿನಲ್ಲಿ ಇಳಿದು ಇಳಿದು ಅವಳ ಬಾವಿಯ ನೀರಿನ ಮೇಲೆ ಬಣ್ಣದ ಪೊರೆ ಕಟ್ಟಿತ್ತು. ಅರ್ಜಿ ಕೊಟ್ಟದ್ದಕ್ಕೆ ಕಚೇರಿಯವರು ಬಂದು, ಇಣುಕಿ, ಎಳನೀರು ಕುಡಿದು ಹೋದರು. ದೊಡ್ಡಮ್ಮನಿಗೆ ನಳ್ಳಿನೀರು ಗಂಟಲಲ್ಲಿ ಇಳಿಯುವುದಿಲ್ಲ. ಬಾವಿಯ ನೀರು ಯಾವಾಗ ಕುಡಿಯಬಹುದು ಎಂದು ದಿನವೂ ಕೇಳುತ್ತಿದ್ದಳು.

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು. ಗ್ಯಾರೇಜಿನ ಅದೇ ಕಪ್ಪು ಮಣ್ಣಿನಿಂದ, ಎಣ್ಣೆಯಲ್ಲೇ ಬದುಕಲು ಕಲಿತ ಬ್ಯಾಕ್ಟೀರಿಯಾವನ್ನು ಹುಡುಕಿ ತೆಗೆದೆ. ಅದು ತನಗೆ ಬೇಕಾದ ಸಾಬೂನನ್ನು ತಾನೇ ಮಾಡಿಕೊಳ್ಳುತ್ತದೆ. ಮಣ್ಣಿಗೆ ಅಂಟಿದ ಎಣ್ಣೆಯನ್ನು ಅದರಿಂದ ಬಿಡಿಸಿ, ಸಣ್ಣ ಹನಿ ಮಾಡಿ ತಿನ್ನುತ್ತದೆ. ಕೊನೆಗೆ ಆ ಸಾಬೂನೂ ಮಣ್ಣಿನಲ್ಲೇ ಕರಗಿಹೋಗುತ್ತದೆ, ಯಾರಿಗೂ ಕೇಡಿಲ್ಲ. ದೊಡ್ಡಮ್ಮನಿಗೂ ಇದನ್ನೇ ಹೇಳಿದ್ದೆ.

ಗ್ಯಾರೇಜಿನ ಮಾಲೀಕನನ್ನು ಕಾಡಿಬೇಡಿ ಆಯಿಲ್ ಸುರಿಯುವುದನ್ನು ನಿಲ್ಲಿಸಿದೆ. ಗೋಡೆಯ ಬದಿಯ ಮಣ್ಣಿಗೆ ಟಾರ್ಪಾಲು ಕಟ್ಟಿ, ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಬೆಲ್ಲದ ನೀರಿನೊಂದಿಗೆ ಎರೆದು ಮಗುಚುತ್ತಿದ್ದೆ. ಮಳೆಗಾಲ ಮುಗಿಯುವಾಗ ಅಲ್ಲಿ ಗರಿಕೆ ಚಿಗುರಿತ್ತು. ಬಾವಿಯ ಪೊರೆಯೂ ತೆಳ್ಳಗಾಗಿತ್ತು.

ಆಯುಧಪೂಜೆಯ ಸಂಜೆ ಹೋದರೆ ಗ್ಯಾರೇಜಿನ ಅಂಗಳ ಫಳಫಳ ಹೊಳೆಯುತ್ತಿತ್ತು. ಸ್ಪ್ಯಾನರು, ಜಾಕಿಗಳಿಗೆ ಕುಂಕುಮ, ಲಾರಿಗಳಿಗೆ ಹೂವಿನ ಮಾಲೆ. ನನ್ನ ಮಣ್ಣಿಗೆ ಬ್ಲೀಚಿಂಗ್ ಪೌಡರು, ಸೋಪಿನ ಪುಡಿ ಸುರಿದು, ಲಾರಿ ತೊಳೆಯುವ ಪೈಪು ಬಿಟ್ಟಿದ್ದರು. ನೀರೆಲ್ಲ ಗೋಡೆಯ ಬುಡದ ತೂತಿನಿಂದ ದೊಡ್ಡಮ್ಮನ ಬಾವಿಯ ಕಡೆಗೆ ಹರಿದಿತ್ತು.

ಇದು ಎಂತ ಮಾಡಿದ್ದು ಎಂದು ಕೇಳಿದೆ. ಮಾಲೀಕನಿಗೆ ಹೆಮ್ಮೆ.

"ನೀವು ಒಬ್ರೇ ಎಷ್ಟು ಕಷ್ಟಪಡ್ತೀರಿ ಅಕ್ಕ. ಪೂಜೆಗೆ ಗಲೀಜು ಬೇಡ ಅಂತ ನಾವೇ ಕ್ಲೀನ್ ಮಾಡಿದೆವು. ಈಗ ಕ್ರಿಮಿಗಿಮಿ ಎಂತದೂ ಇಲ್ಲ."

ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ, ಪಂಚಕಜ್ಜಾಯದ ಪೊಟ್ಟಣ ಕೈಗಿಟ್ಟ. ಕೇಡಿಗನಾಗಿದ್ದರೆ ಬೈದದ್ದಕ್ಕೆ ಸಮಾಧಾನವಾದರೂ ಇರುತ್ತಿತ್ತು. ಒಳ್ಳೆಯದು ಮಾಡಲು ಹೊರಟವನ ಮೇಲಿನ ಸಿಟ್ಟನ್ನು ಎಲ್ಲಿಗೆ ಒಯ್ಯುವುದು?

ಈಚೆ ಬಂದರೆ ದೊಡ್ಡಮ್ಮ ಬಾವಿಕಟ್ಟೆಯಲ್ಲಿದ್ದಳು. ಆಗಷ್ಟೇ ಸೇದಿದ ಕೊಡಪಾನದ ತುಂಬ ಬಿಳಿ ನೊರೆ. ಅವಳ ಮುಖ ಅರಳಿತ್ತು.

"ನಿನ್ನ ಸಾಬೂನು ಬಂತಲ್ಲ ಮಗಾ," ಎಂದಳು. "ಇನ್ನು ಕುಡೀಬಹುದಲ್ಲ?"

ಕೊಡಪಾನವನ್ನು ಅವಳ ಕೈಯಿಂದ ಕಿತ್ತುಕೊಂಡೆ.