ಹಾಳೆಯ ಹಿಂಬದಿ

ನನ್ನ ಮೇಜಿನ ಎಡಮೂಲೆಯಲ್ಲಿ ಒಂದು ಹಳೆಯ ರಟ್ಟಿನ ಹಲಗೆಯಿದೆ. ಅದರ ತುಕ್ಕು ಹಿಡಿದ ಕ್ಲಿಪ್ಪಿನ ಬಾಯಲ್ಲಿ ಸದಾ ಒಂದು ಬೆರಳು ದಪ್ಪದ ಕಾಗದದ ಕಟ್ಟು. ಎಲ್ಲವೂ ಒಂದು ಮಗ್ಗುಲು ಅಚ್ಚಾಗಿ ಇನ್ನೊಂದು ಮಗ್ಗುಲು ಬಿಳಿಯಾಗಿಯೇ ಉಳಿದ ಹಾಳೆಗಳು. ತಿದ್ದಿ ಕೈಬಿಟ್ಟ ಕರಡುಗಳನ್ನು ಹರಿದೆಸೆಯಲು ಮನಸ್ಸು ಬಾರದೆ ಅವುಗಳ ಬೆನ್ನಿನ ಮೇಲೆ ದಿನಸಿಯ ಪಟ್ಟಿಯನ್ನೋ ಔಷಧದ ಹೆಸರನ್ನೋ ಬರೆದುಕೊಳ್ಳುವುದು ನನ್ನ ತಲೆಮಾರಿನ ಸಂಶೋಧಕರಿಗೆ ಅಂಟಿದ ಅಭ್ಯಾಸ. ಪತ್ರಾಗಾರಗಳಲ್ಲಿ ಒಂದೊಂದು ಚೂರು ದಾಖಲೆಗಾಗಿ ದಿನಗಟ್ಟಲೆ ಕಾದು ಕುಳಿತವನಿಗೆ, ಬಿಳಿಯ ಮಗ್ಗುಲುಳ್ಳ ಹಾಳೆಯನ್ನು ಬುಟ್ಟಿಗೆ ಹಾಕುವುದೆಂದರೆ ಅರ್ಧ ಉಂಡ ಎಲೆಯಿಂದ ಎದ್ದಂತೆ. ಈ ಮಿತವ್ಯಯವನ್ನು ನಾನು ಸದ್ಗುಣಗಳ ಸಾಲಿಗೇ ಸೇರಿಸಿದ್ದೆ, ಕಳೆದ ಕಾರ್ತಿಕದವರೆಗೆ.

ಆ ಕಾರ್ತಿಕದಲ್ಲಿ ನಾನೂ ನನ್ನ ಪತ್ನಿ ಶ್ಯಾಮಲೆಯೂ ಧಾರವಾಡಕ್ಕೂ ಅಲ್ಲಿಂದ ಪುಣೆಗೂ ಹೋಗುವುದೆಂದು ನಿಶ್ಚಯವಾಯಿತು. ಒಟ್ಟು ಹದಿನೇಳು ದಿನ. ನನ್ನ ದಿನಚರಿ ಹದಿನೆಂಟು ಎನ್ನುತ್ತದೆ. ಆದರೆ ದಿನಚರಿಗೂ ರೈಲಿನ ಟಿಕೆಟ್ಟಿಗೂ ಭಿನ್ನಾಭಿಪ್ರಾಯ ಬಂದಾಗ ನಾನು ಟಿಕೆಟ್ಟಿನ ಪಕ್ಷ. ಹಲಸೂರಿನ ಮನೆಗೆ ಬೀಗ ಹಾಕಿ ಹೊರಡುವವರು ಸಾಮಾನ್ಯವಾಗಿ ಒಡವೆಯ ಚಿಂತೆ ಮಾಡುತ್ತಾರೆ. ನಮ್ಮಲ್ಲಿ ಚಿಂತಿಸುವಷ್ಟು ಒಡವೆಯಿಲ್ಲ. ನನ್ನ ಚಿಂತೆಯೆಲ್ಲ ಕಂಪ್ಯೂಟರಿನದು.

ಅದರ ಕಾರಣವನ್ನು ಹೇಳಬೇಕು. ನಿವೃತ್ತನಾದ ಮೇಲೆ ನಾನು ದಂಡುಪ್ರದೇಶದಲ್ಲಿ ಸೂಜಿದಾರವನ್ನೇ ನಂಬಿ ಬದುಕಿದ ಮನೆತನಗಳ ನೆನಪುಗಳನ್ನು ಸಂಗ್ರಹಿಸತೊಡಗಿದ್ದೆ. ಶಿವಾಜಿನಗರದ ಓಣಿಗಳಲ್ಲಿ ಕುಳಿತು, ಹಿರಿಯ ಹೆಂಗಸರು ಹೇಳಿದ್ದನ್ನು ಧ್ವನಿಮುದ್ರಿಸಿ, ಮನೆಗೆ ಬಂದು ಅಕ್ಷರಕ್ಕಿಳಿಸಿ, ಕಂಪ್ಯೂಟರಿನಲ್ಲಿ ಇಡುವುದು ನನ್ನ ಕ್ರಮ. ಮುಚ್ಚಿಡಿ ಎಂದವರ ಮಾತನ್ನು ಮುಚ್ಚಿಯೇ ಇಡುತ್ತೇನೆಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದೆ. ಅವರಲ್ಲೊಬ್ಬರನ್ನು ಇಲ್ಲಿ ಆಪಾ, ಎಂದರೆ ಅಕ್ಕ, ಎಂದಷ್ಟೇ ಕರೆಯುತ್ತೇನೆ. ಒಂದು ಮಧ್ಯಾಹ್ನ ಅವರು ತಮ್ಮ ಮಗಳಿಗೆ ಸಂಬಂಧಿಸಿದ, ಮಗಳಿಗೇ ತಿಳಿಯದ ಒಂದು ಸಂಗತಿಯನ್ನು ನನಗೆ ಹೇಳಿ, "ಇದು ನಾನು ಹೋದ ಮೇಲೆ, ಪ್ರೊಫೆಸರ್ ಸಾಬ್. ಅದಕ್ಕೂ ಮುಂಚೆ ಇಲ್ಲ" ಎಂದಿದ್ದರು. ಸಂಗತಿ ಏನೆಂದು ನೀವು ಕೇಳಬಾರದು, ನಾನು ಹೇಳಬಾರದು. ಮಗಳ ಕಿವಿಗೆ ಅದು ಬೀದಿಯಿಂದ ಬಿದ್ದರೆ ತಾಯಿ ಮಗಳ ನಡುವಿನ ನಲವತ್ತು ವರ್ಷಗಳ ನಂಟು ಅಲುಗುತ್ತದೆ ಎಂಬಷ್ಟು ತಿಳಿದರೆ ಸಾಕು.

ಆದ್ದರಿಂದ ಹೊರಡುವ ಮೊದಲು ಕಂಪ್ಯೂಟರನ್ನು ಎತ್ತಿಕೊಂಡು ಕಮ್ಮನಹಳ್ಳಿಗೆ ಹೋದೆ. ಅಲ್ಲಿ ದುರಸ್ತಿ ಅಂಗಡಿ ಇಟ್ಟಿರುವ ವಿಮಲಾ ಎಂಬ ನಡುವಯಸ್ಸಿನ ಮಹಿಳೆ ಯಂತ್ರಗಳ ಬಗ್ಗೆ ಮಾತನಾಡುವುದು ಮನೆಗೆಲಸದ ಭಾಷೆಯಲ್ಲಿ. "ಊರಿಗೆ ಹೋಗೋವಾಗ ಪೂರ್ತಿ ಶಟ್‌ಡೌನ್ ಮಾಡಿ ಸಾರ್. ಸ್ಲೀಪ್‌ಗೆ ಹಾಕೋದು ಅಂದ್ರೆ ಬಾಗಿಲು ಮುಂದಕ್ಕೆ ತಳ್ಳಿ ಹೋದಂಗೆ, ಚಿಲ್ಕ ಹಾಕಿರಲ್ಲ" ಎಂದರು. ಇಡೀ ಡಿಸ್ಕನ್ನು ಗುಪ್ತಲಿಪಿಗೆ ಬದಲಿಸಿದರು. ಪಾಸ್‌ವರ್ಡ್ ಇಲ್ಲದೆ ತೆರೆದವನಿಗೆ ಅದು ಬರಿಯ ಅಕ್ಷರಗಳ ಹೊಟ್ಟು. ಎಲ್ಲದರ ಒಂದು ನಕಲು ಪ್ರತಿಯನ್ನು ಬ್ಯಾಂಕಿನ ಲಾಕರಿನಲ್ಲಿಡಿ, ವೈಫೈ ಪೆಟ್ಟಿಗೆಯ ಪ್ಲಗ್ ಕೀಳಿ, ಪ್ರಯಾಣದ ಚಿತ್ರಗಳನ್ನು ವಾಟ್ಸಾಪಿನಲ್ಲಿ ಹಾಕಿ ಮನೆ ಖಾಲಿಯಿದೆಯೆಂದು ಡಂಗುರ ಸಾರಬೇಡಿ ಎಂದೆಲ್ಲ ತಿಳಿಹೇಳಿ, ಕೊನೆಗೆ ಪಾಸ್‌ವರ್ಡಿನ ವಿಷಯಕ್ಕೆ ಬಂದಾಗ ನನ್ನ ಮುಖವನ್ನೊಮ್ಮೆ ನೋಡಿ, "ಏನ್ ಬೇಕಾದ್ರೂ ಇಟ್ಕೊಳ್ಳಿ, ತಾರೀಕು ಮಾತ್ರ ಬೇಡ ಸಾರ್" ಎಂದರು. ಬದುಕಿನುದ್ದಕ್ಕೂ ತಾರೀಕುಗಳನ್ನು ತಾಳೆ ನೋಡಿಯೇ ಅನ್ನ ಉಂಡವನಿಗೆ ಇದು ಸ್ವಲ್ಪ ನೋವಿನ ಮಾತೇ. ಆದರೂ ಪಾಲಿಸಿದೆ. ಎಲ್ಲವನ್ನೂ ಅಕ್ಷರಶಃ ಪಾಲಿಸಿದೆ.

ಹೊರಡುವ ಬೆಳಗ್ಗೆ ಆಟೋ ಬಾಗಿಲಲ್ಲಿ ನಿಂತಿತ್ತು. ಎದುರು ಮನೆಯ ಸೆಲ್ವಿಯಮ್ಮನಿಗೆ ಬೀಗದ ಕೈ ಕೊಡುವುದು ನಮ್ಮ ಹಳೆಯ ವಾಡಿಕೆ. ನಮ್ಮ ಬೀಗದ ಕೈ ಅವರ ದೇವರ ಪಟದ ಹಿಂದಿನ ಮೊಳೆಯಲ್ಲಿ, ಅವರದು ನಮ್ಮ ಅಡುಗೆಮನೆಯ ಮೊಳೆಯಲ್ಲಿ. ಯಾವ ಗಿಡಕ್ಕೆ ಎಷ್ಟು ನೀರು, ಹಾಲು ಯಾವ ದಿನದಿಂದ ಬೇಕು, ಸಂಪಿನ ಮೋಟಾರು ಎಷ್ಟು ಹೊತ್ತು ಎಂಬುದನ್ನೆಲ್ಲ ಅವಸರದಲ್ಲಿ ಒಂದು ಹಾಳೆಯ ಮೇಲೆ ಬರೆದು, ಬೀಗದ ಕೈಯೊಡನೆ ಅವರ ಕೈಗಿತ್ತೆವು. ಹಾಳೆ ಎಲ್ಲಿಂದ ಬಂತು? ಅಭ್ಯಾಸದಂತೆ, ರಟ್ಟಿನ ಹಲಗೆಯಿಂದ.

ಧಾರವಾಡದಲ್ಲಿ ನಾಲ್ಕನೆಯ ದಿನ ಫೋನಿಗೆ ಒಂದು ಚಿತ್ರ ಬಂತು. ನನ್ನ ಕೈಬರಹ ಸೆಲ್ವಿಯಮ್ಮನಿಗೆ ಒಂದೆಡೆ ತಿಳಿಯದೆ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು, 'ದಾಸವಾಳಕ್ಕೆ ದಿನಾನಾ, ದಿನ ಬಿಟ್ಟು ದಿನಾನಾ' ಎಂದು ಕೇಳಿದ್ದರು. ನನ್ನ ಕಣ್ಣು ದಾಸವಾಳದ ಮೇಲೆ ನಿಲ್ಲಲಿಲ್ಲ. ಬೆಳಕು ಹಾಯ್ದ ಹಾಳೆಯಲ್ಲಿ ಹಿಂಬದಿಯ ಅಚ್ಚು ತಿರುವುಮುರುವಾಗಿ ಮೂಡಿತ್ತು. ಅಂಚಿನಲ್ಲಿ ನನ್ನ ಪೆನ್ಸಿಲಿನ ಎರಡು ಪ್ರಶ್ನೆಗಳು. ಆಪಾ ಹೇಳಿದ ಒಂದು ವರ್ಷ ಅವರದೇ ಇನ್ನೊಂದು ಮಾತಿನೊಡನೆ ಹೊಂದಲಿಲ್ಲವೆಂದು, ತಾಳೆ ನೋಡುವುದಕ್ಕಾಗಿ ಆ ಪುಟವನ್ನು ಒಮ್ಮೆಯೇ ಒಮ್ಮೆ ಮುದ್ರಿಸಿದ್ದೆ. ತಿದ್ದುಪಡಿಯನ್ನು ಕಂಪ್ಯೂಟರಿಗೆ ಸೇರಿಸಿ ಹಾಳೆಯನ್ನು ಕಟ್ಟಿಗೆ ಸೇರಿಸಿದ್ದೆ. ಅದೇ ಪುಟ. ಹೆಸರುಗಳ ಸಹಿತ.

ಇನ್ನೊಂದು ಮಾತು ಹೇಳದೆ ಉಳಿಯಿತು. ನನ್ನನ್ನು ಆಪಾರ ಮನೆಗೆ ಮೊದಲು ಕರೆದೊಯ್ದವರೇ ಈ ಸೆಲ್ವಿಯಮ್ಮ. ಆಪಾರ ಮಗಳು ಹೊಲಿಗೆಯವಳು. ಸೆಲ್ವಿಯಮ್ಮನ ರವಿಕೆಗಳನ್ನೆಲ್ಲ ವರ್ಷಗಳಿಂದ ಹೊಲಿಯುತ್ತಿದ್ದವಳು ಅವಳೇ. ಜಗತ್ತಿನಲ್ಲಿ ಆ ಪುಟ ಯಾರ ಕೈಗೆ ಸಿಕ್ಕರೂ ಅದು ಅಪರಿಚಿತರ ಕಥೆ, ಒಬ್ಬರನ್ನು ಬಿಟ್ಟು.

"ಈಗಲೇ ಫೋನ್ ಮಾಡಿ, ಹಾಳೆ ತಿರುಗಿಸಬೇಡಿ ಅಂತ ಹೇಳಲೇ?" ಎಂದು ಶ್ಯಾಮಲೆಯನ್ನು ಕೇಳಿದೆ.

"ಹೇಳಿದ್ರೆ ತಿರುಗ್ಸಿ ನೋಡ್ತಾರೆ. ಹೇಳ್ದಿದ್ರೆ ಇಷ್ಟೊತ್ತಿಗೆ ನೋಡಿರ್ತಾರೆ. ಎರಡ್ರಲ್ಲಿ ಯಾವುದು ಬೇಕೋ ಆರಿಸ್ಕೊಳ್ಳಿ" ಎಂದಳು ಆಕೆ. "ಕಂಪ್ಯೂಟರಿಗೆ ಅಷ್ಟೊಂದು ಬೀಗ ಹಾಕಿಸಿದ್ರಲ್ಲ, ನಿಮ್ಮ ಜಿಪುಣತನಕ್ಕೊಂದು ಹಾಕಿಸ್ಬೇಕಿತ್ತು" ಎಂದೂ ಸೇರಿಸಿದಳು.

'ದಿನ ಬಿಟ್ಟು ದಿನ' ಎಂದಷ್ಟೇ ಉತ್ತರ ಬರೆದೆ. ಉಳಿದ ಹದಿಮೂರು ದಿನ ಯಾವ ಗ್ರಂಥಾಲಯದಲ್ಲಿ ಕುಳಿತರೂ, ಎದುರಿನ ಹಾಳೆಯನ್ನು ಓದುವ ಮೊದಲು ಅದರ ಬೆನ್ನು ನೋಡುವ ಹೊಸ ಚಟ ಅಂಟಿಕೊಂಡಿತು. ಮಿತ್ರರೇ, ಗುಟ್ಟನ್ನು ಕಾಯುವುದೆಂದರೆ ನಾವು ಕಳ್ಳನ ದಾರಿಯನ್ನೇ ಊಹಿಸುತ್ತ ಕೂರುತ್ತೇವೆ; ಕಿಟಕಿಯ ಸರಳು ಎಣಿಸುತ್ತೇವೆ, ಗೂಢಾಕ್ಷರಗಳನ್ನು ಕಟ್ಟುತ್ತೇವೆ. ನಮ್ಮದೇ ಕೈ ತನ್ನ ನಿತ್ಯದ ನಡೆಯಲ್ಲಿ, ಯಾವ ದುರುದ್ದೇಶವೂ ಇಲ್ಲದೆ, ಬೀಗದ ಕೈಯ ಜೊತೆಯಲ್ಲೇ ಗುಟ್ಟನ್ನೂ ಎತ್ತಿ ಕೊಟ್ಟೀತೆಂದು ಎಣಿಸುವುದಿಲ್ಲ.

ಮರಳಿ ಬಂದು ನೋಡಿದರೆ ಹಾಳೆ ಸೆಲ್ವಿಯಮ್ಮನ ಫ್ರಿಜ್ಜಿನ ಬಾಗಿಲಿನ ಮೇಲಿತ್ತು. ನನ್ನ ಪಟ್ಟಿ ಹೊರಗೆ, ಅಚ್ಚು ಒಳಗೆ. ನಾಲ್ಕು ಅಂಚಿಗೂ ಅಂಟುಪಟ್ಟಿ.

"ಓದಿದಿರಾ?" ಎಂದೆ.

"ಎರಡೇ ಲೈನ್ ಓದಿ ನಿಲ್ಲಿಸ್ದೆ ಅಂತ ಸುಳ್ಳು ಹೇಳಲ್ಲ ಸಾರ್. ಪೂರ್ತಿ ಓದ್ಬಿಟ್ಟೆ. ಫೋಟೋ ತೆಗ್ದ ದಿನಾನೇ." ಅವರ ದನಿ ತಗ್ಗಿತು. "ಆಮೇಲೆ ಅಂಟಿಸ್ದೆ. ಯಾರ್ ಹತ್ರಾನೂ ಬಾಯಿ ಬಿಟ್ಟಿಲ್ಲ, ಪಟದಲ್ಲಿರೋ ಆ ಮಾತಾ ಮೇಲಾಣೆ. ಆದ್ರೆ ರವಿಕೆ ರೆಡಿ ಇದೆ ಬನ್ನಿ ಅಂತ ಅವ್ಳು ಮೂರು ಸಲ ಫೋನ್ ಮಾಡಿದ್ಲು. ನಾನ್ ಹೋಗಿಲ್ಲ. ಬಾಯಿ ಸುಮ್ನಿರತ್ತೆ ಸಾರ್, ಈ ಮುಖ ಸುಮ್ನಿರ್ಬೇಕಲ್ಲ?"

ಮರುದಿನವೇ ಶಿವಾಜಿನಗರಕ್ಕೆ ಹೋದೆ. ಮಗಳು ಗುಂಡಿ ತರಲು ಪೇಟೆಗೆ ಹೋಗಿದ್ದಳು. ಆಪಾ ಒಬ್ಬರೇ ಕುಳಿತು ಕಾಜಾ ಹೊಲಿಯುತ್ತಿದ್ದರು. "ಆಯಿಯೇ ಪ್ರೊಫೆಸರ್ ಸಾಬ್, ಧಾರವಾಡದಿಂದ ಪೇಡಾ ತಂದ್ರಾ, ಬರೀ ಹಳೇ ಕಾಗದ ತಂದ್ರಾ?" ಎಂದು ನಕ್ಕರು. ಪೇಡೆಯ ಡಬ್ಬಿಯನ್ನು ಮುಂದಿಟ್ಟು, ಹಾಳೆಯ ವೃತ್ತಾಂತವನ್ನು ಮೊದಲಿನಿಂದ ಕೊನೆಯವರೆಗೆ, ದಿನ ವಾರಗಳ ಸಹಿತ ಹೇಳಿದೆ. ಅಪರಾಧವನ್ನು ಒಪ್ಪಿಕೊಳ್ಳುವಾಗಲೂ ನನಗೆ ವಾರ ತಪ್ಪಬಾರದು.

ಅವರು ದಾರವನ್ನು ಹಲ್ಲಿನಿಂದ ಕಡಿದರು. "ಸೆಲ್ವಿ ಪೂರ್ತಿ ಓದಿದ್ಳಾ?"

"ಪೂರ್ತಿ."

"ಅದಕ್ಕೇ ಬಂದಿಲ್ಲ ಅವಳು. ನನ್ನ ಮಗಳು ಅಳತೆ ತಪ್ಪಿತೇನೋ, ಸೆಲ್ವಿ ಆಂಟಿ ಕೋಪ ಮಾಡ್ಕೊಂಡ್ರೇನೋ ಅಂತ ಆ ರವಿಕೇನ ಎರಡು ಸಲ ಬಿಚ್ಚಿ ಹೊಲ್ದಿದ್ದಾಳೆ, ಪಾಪ." ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟರು. "ನಿಮ್ಮ ಮೇಲೆ ಸಿಟ್ಟಿಲ್ಲ ಸಾಬ್. ಬಂದು ಹೇಳಿದ್ರಲ್ಲ. ಆದ್ರೆ ಕಾಗದ ಕಾಗದಾನೇ. ಯಾರ ಮುಖ ನೋಡಿ ಸುಮ್ಮನಿರ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಸೆಲ್ವಿಗೆ ಗೊತ್ತಾಯ್ತು. ನಾನು ಹೋದ ಮೇಲೆ ಅಂದಿದ್ದೆ. ಈಗ ಹೇಳ್ತೀನಿ, ಹೋದ ಮೇಲೂ ಬೇಡ. ನನ್ನ ಮಾತು ನನಗೆ ವಾಪಸ್ ಕೊಟ್ಬಿಡಿ."

ಒಂದು ದಾಖಲೆಯನ್ನೂ ಜೀವಮಾನದಲ್ಲಿ ನಾಶ ಮಾಡದವನು ನಾನು. ಗೆದ್ದಲು ತಿಂದ ಪತ್ರಗಳ ಅಂಚನ್ನು ಅಂಗೈಯಲ್ಲಿ ಹಿಡಿದು ಉಳಿಸಿದವನು. ನನ್ನ ಸಂಗ್ರಹದಲ್ಲೆಲ್ಲ ಅದಕ್ಕಿಂತ ತುಂಬು ಬದುಕಿನ ನಿರೂಪಣೆ ಇನ್ನೊಂದಿರಲಿಲ್ಲವೆಂಬುದನ್ನು ಮುಚ್ಚಿಟ್ಟು ಏನು ಫಲ? ಆದರೂ ಅವರಿಗೆ ಆಗಲಿ ಎಂದೆ. ಮನೆಗೆ ಬಂದು ಆ ಉದ್ದನೆಯ ಪಾಸ್‌ವರ್ಡನ್ನು ಒತ್ತಿ ಕಡತವನ್ನು ತೆರೆದೆ. ಆಪಾರ ದನಿಯನ್ನು ಕೊನೆಯ ಬಾರಿ ಕೇಳಬೇಕೆನಿಸಿತು, ಕೇಳಲಿಲ್ಲ. ದನಿಯನ್ನೂ ಬರಹವನ್ನೂ, ನನ್ನ ಮತ್ತು ಸೆಲ್ವಿಯಮ್ಮನ ಫೋನಿನಲ್ಲಿದ್ದ ಹಾಳೆಯ ಚಿತ್ರವನ್ನೂ ಅಳಿಸಿದೆ, ಬ್ಯಾಂಕಿಗೆ ಹೋಗಿ ಲಾಕರಿನ ಪ್ರತಿಯನ್ನು ತಂದು ಅದರಿಂದಲೂ ಅಳಿಸಿದೆ. ನನ್ನ ಪಟ್ಟಿಯಲ್ಲಿ ಹನ್ನೊಂದನೆಯ ನಿರೂಪಣೆಯಾದ ಮೇಲೆ ಹದಿಮೂರನೆಯದು ಬರುತ್ತದೆ. ಇತರರ ಗ್ರಂಥಗಳಲ್ಲಿ ಇಂಥ ಬಿಡುವು ಕಂಡರೆ ಪತ್ರ ಬರೆದು ಕಾರಣ ಕೇಳುತ್ತಿದ್ದ ನಾನು, ಇಲ್ಲಿ ಅಡಿಟಿಪ್ಪಣಿಯನ್ನೂ ಹಾಕಿಲ್ಲ.

ಫ್ರಿಜ್ಜಿನ ಮೇಲಿನ ಹಾಳೆಯನ್ನು ಸೆಲ್ವಿಯಮ್ಮನೇ ಬಿಡಿಸಿ, ಒಲೆಯ ಉರಿಗೆ ಹಿಡಿದು, ಬೂದಿಯನ್ನು ನಮ್ಮ ದಾಸವಾಳದ ಬುಡಕ್ಕೆ ಹಾಕಿದರು. ಆಮೇಲೆ ಮುಖ ತೊಳೆದು ರವಿಕೆ ತರಲು ಹೋದರು. ಬಂದವರು ಹೇಳಿದ್ದು ಇಷ್ಟೇ: "ತೋಳು ಸ್ವಲ್ಪ ಬಿಗಿ ಸಾರ್. ಚೆನ್ನಾಗಿದೆ ಅಂತ ಹೇಳಿ ಬಂದೆ."

ಈ ಬರಹವನ್ನು ಆಪಾರಿಗೂ ಸೆಲ್ವಿಯಮ್ಮನಿಗೂ ಓದಿ ಹೇಳಿದ್ದೇನೆ. ಹೆಸರನ್ನೂ ಕಸುಬನ್ನೂ ಅವರಿಬ್ಬರೂ ಸೇರಿ ಬದಲಿಸಿದ್ದಾರೆ. ಹೊಲಿಗೆಯ ಜಾಗದಲ್ಲಿ ಮೊದಲು ಏನಿತ್ತೆಂದು ಊಹಿಸಲು ಹೋಗಬೇಡಿ.

ಮೊನ್ನೆ ಮತ್ತೆ ಮೂರು ದಿನದ ಪ್ರಯಾಣ ಬಂತು. ಕಂಪ್ಯೂಟರನ್ನು ಆರಿಸಿ, ವೈಫೈ ಪ್ಲಗ್ ಕಿತ್ತು, ಮೇಜಿನ ಎಡಮೂಲೆಗೆ ಕೈ ಚಾಚಿದೆ. ಕ್ಲಿಪ್ಪಿನ ಬಾಯಲ್ಲಿ ಈಗ ಅಂಗಡಿಯಿಂದ ತಂದ ಹೊಸ ಹಾಳೆಗಳು. ಅವುಗಳಲ್ಲೊಂದನ್ನು ಹೀಗೆ ಹಾಲಿನ ಲೆಕ್ಕಕ್ಕೆ ವ್ಯಯಿಸುವಾಗ ಒಳಗೆಲ್ಲೋ ಇನ್ನೂ ಚುರುಕ್ಕೆನ್ನುತ್ತದೆ. ಪಟ್ಟಿಯನ್ನೂ ಬೀಗದ ಕೈಯನ್ನೂ ಸೆಲ್ವಿಯಮ್ಮನಿಗೆ ಕೊಟ್ಟೆ. ಅವರು ಪಟ್ಟಿಯನ್ನು ಓದಲಿಲ್ಲ. ನನ್ನ ಕಣ್ಣೆದುರಿಗೇ ಹಾಳೆಯನ್ನು ತಿರುಗಿಸಿ, ಬಿಳಿಯ ಬೆನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಬೀಗದ ಕೈಯನ್ನು ದೇವರ ಪಟದ ಹಿಂದಿನ ಮೊಳೆಗೆ ಸಿಕ್ಕಿಸಿದರು.